ನೇರಳೆ ಪಟ್ಟಿಯ ಮರಗಳು

ಮನೆಯಿಂದ
ಸೋಮವಾರ, ನವೆಂಬರ್ ೧೯, ೨೦೧೮

ನನ್ನ ನೋರೀನ್‌ಗೆ,

‘ನನ್ನ’ ಅಂತ ಬರೆಯುವ ಹಕ್ಕು ಈಗ ಇದೆಯೋ ಇಲ್ಲವೋ ಗೊತ್ತಿಲ್ಲ. ಮದುವೆಯಾದಂದಿನ ಅಭ್ಯಾಸ, ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕಲು ಮನಸ್ಸಾಗಲಿಲ್ಲ, ಹಾಗೇ ಇರಲಿ. ಅಪ್ಪನ ಮನೆಯಲ್ಲಿ ನೀನು ಚೆನ್ನಾಗಿದ್ದೀಯ ಎಂದು ಲಾನಿ ಹೇಳಿದ. ನಾನೂ ಕ್ಷೇಮ ಎಂದು ಬರೆಯಬೇಕು, ಆದರೆ ನಮ್ಮ ಬೆಕ್ಕೇ ಅದನ್ನು ಒಪ್ಪುವುದಿಲ್ಲ. ನಿನ್ನ ಕುರ್ಚಿಯ ಮೇಲೆ ಮಲಗಿಕೊಂಡು ದಿನವಿಡೀ ನನ್ನನ್ನು ದುರುಗುಟ್ಟಿ ನೋಡುತ್ತದೆ.

ನಿನ್ನೆ ನಿನ್ನ ತಮ್ಮ ಲಾನಿ ಬಂದಿದ್ದ. ಒಳಗೆ ಬಾ ಎಂದರೂ ಬರಲಿಲ್ಲ. ಪಿಕಪ್ಪಿನ ಕಿಟಕಿ ಇಳಿಸಿ, ಅಲ್ಲಿಂದಲೇ ನಿನ್ನ ಮಾತು ಒಪ್ಪಿಸಿದ. “ಅಕ್ಕ ಒಂದೇ ಒಂದು ಕೇಳ್ತಾಳೆ ಗ್ಲೆನ್. ಫೋನ್ ಮಾಡೋವಾಗ ಮರದ ಕೆಳಗೆ ಕೂತಿರೋದು ಅಪ್ಪ ಅಂತ ನಿಂಗೆ ಗೊತ್ತಿತ್ತಾ, ಇಲ್ವಾ? ಗೊತ್ತಿರ್ಲಿಲ್ಲ ಅಂದ್ರೆ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಸ್ಕೊಂಡು ಮನೆಗೆ ಬರ್ತಾಳಂತೆ. ಗೊತ್ತಿತ್ತು ಅಂದ್ರೆ ಅವಳ ಬಟ್ಟೆಬರೆ ತಗೊಂಡು ಹೋಗೋಕೆ ನಾನೇ ಬರ್ತೀನಿ.” ಆಮೇಲೆ ಕಿಟಕಿಗೆ ಬಗ್ಗಿ, “ಅಪ್ಪ ಅಂತೂ, ಅವನಿಗೆ ಕಂಡಿರೋಕೆ ಸಾಧ್ಯಾನೇ ಇಲ್ಲ, ಸೂರ್ಯ ಅವನ ಕಣ್ಣಿಗೇ ಹೊಡೀತಿದ್ದ ಅಂತಿದಾರೆ,” ಎಂದ. ನಾನು ಬರೆದು ಕಳಿಸುತ್ತೇನೆ ಅಂದೆ. “ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಇದಕ್ಕೂ ಕಾಗದ ಬೇಕಾ ಮಾರಾಯ?” ಎಂದು ಗಾಡಿ ತಿರುಗಿಸಿಕೊಂಡು ಹೋದ.

ಬೇಕು. ನನಗೆ ಬಾಯಿಮಾತಿನಲ್ಲಿ ಯಾವುದೂ ನೆಟ್ಟಗೆ ಬರುವುದಿಲ್ಲ, ಮೊದಲು ಕೋಪ ಬರುತ್ತದೆ, ಮಾತು ಅದರ ಹಿಂದೆ ಬರುತ್ತದೆ. ಇದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಲ್ಲದೆ ಲಾನಿಯೂ ಈಗ ಬೇಟೆಗೆ ಅಂತ ಜಾಗ ಹುಡುಕುತ್ತಿದ್ದಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ನನ್ನ ಬುದ್ಧಿ ಅವನಿಗಾದರೂ ಅಟ್ಟುವ ಮುಂಚೆ ಸಿಗಲಿ. ಈ ಕಾಗದದ ಅಷ್ಟು ಭಾಗ ಅವನಿಗೆ ಓದಿ ಹೇಳು. ನೀನು ಈಗಾಗಲೇ “ನಾನು ಕೇಳಿದ್ದೇನು, ಇವನು ಹೇಳ್ತಿರೋದೇನು” ಎಂದು ಗೊಣಗುತ್ತಿರುತ್ತೀಯ. ತಾಳು, ಅಲ್ಲಿಗೇ ಬರುತ್ತೇನೆ.

ನನಗೆ ಸ್ವಂತ ಜಾಗ ಯಾಕೆ ಬೇಕಾಯಿತು ಅಂತ ನೀನು ಎಷ್ಟು ಸಲ ಕೇಳಿದರೂ ನಾನು ಸರಿಯಾಗಿ ಹೇಳಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು. ಜಿಂಕೆ ಬೇಟೆ ಶುರುವಾಗುವ ಶನಿವಾರ ಬೆಳಕು ಹರಿಯುವ ಮುಂಚೆ ನಿಮ್ಮ ಅಪ್ಪನ ಅಡುಗೆಮನೆಯಲ್ಲಿ ಎಲ್ಲರೂ ಸೇರುತ್ತೇವಲ್ಲ. ನೀನು ಬಿಸಿಬಿಸಿ ಮೆತ್ತನೆಯ ಬಿಸ್ಕೆಟ್ಟು, ಗ್ರೇವಿ, ಮೊಟ್ಟೆ ಮಾಡುತ್ತೀಯ. ತಿನ್ನುತ್ತಾ ತಿನ್ನುತ್ತಾ ಯಾರು ಎಲ್ಲಿ ಕೂರುತ್ತೇವೆ ಅಂತ ಒಬ್ಬೊಬ್ಬರೇ ಹೇಳಬೇಕು, ಯಾರ ಗುಂಡೂ ಯಾರ ಕಡೆಗೂ ಹೋಗಬಾರದು. ಇಷ್ಟು ವರ್ಷವೂ ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಅಪ್ಪ ಹೇಳುತ್ತಿದ್ದರು: “ಗ್ಲೆನ್, ನೀನು ಕೋಳಿ ಶೆಡ್ ಹಿಂದೆ ಕೂತ್ಕೊ.” ಆ ಜಾಗಕ್ಕೆ ನಿಮ್ಮವರೆಲ್ಲ ‘ಅಳಿಯನ ಸೋಫಾ’ ಅಂತ ಹೆಸರಿಟ್ಟರು. ಅಲ್ಲಿ ಕೂತು ನಾನು ನೋಡಿದ್ದು ಯಾರದೋ ನಾಯಿ, ಒಂದು ನಾರುವ ಸ್ಕಂಕು, ಮತ್ತೆ ಊಟಕ್ಕೆ ಕರೆಯಲು ಬರುತ್ತಿದ್ದ ನಿನ್ನನ್ನು. ನಿನ್ನನ್ನು ನೋಡಿ ಖುಷಿಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೊಂಬಿನ ಜಿಂಕೆ ಹೊಡೆದು ಎಳೆದು ತಂದವನ ಮುಂದೆ ಆ ಖುಷಿ ಹೇಳಿಕೊಳ್ಳುವುದು ಹೇಗೆ? ನಿಮ್ಮ ಅಪ್ಪ ಬೇಕೆಂದೇ ಹಾಗೆ ಮಾಡುತ್ತಾರೆ ಅಂತ ನನ್ನ ಹೊಟ್ಟೆಯೊಳಗೆ ಒಂದು ಕೆಂಡ ಇತ್ತು. ಅವರು ಮಾತ್ರ ಎಲ್ಲರೂ ಹೇಳಿಯಾದ ಮೇಲೆ ಉಳಿದ ಜಾಗಕ್ಕೆ ಹೋಗುತ್ತಿದ್ದರು. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಅವರ ಪಕ್ಕದ ಜಾಗ ಮಾರಾಟಕ್ಕೆ ಬಂತು ಅಂದಾಗ ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು ನನಗೆ. ಕಾನ್ಸಾಸ್ ಸಿಟಿಯ ಹಲ್ಲಿನ ಡಾಕ್ಟರನ ಜಾಗ. ಅವನು ಮುದುಕ ಪರ್ವಿಸ್‌ನಿಂದ ಕೊಂಡದ್ದು. ಜನವರಿ, ಮಂಡಿಯುದ್ದ ಹಿಮ. ಬ್ರೋಕರ್ ಟ್ರೆವರ್ ನನ್ನನ್ನು ಕರೆದುಕೊಂಡು ಹೋದಾಗ ಹಳ್ಳದ ದಂಡೆಯಲ್ಲಿ ಜಿಂಕೆಗಳು ಕೊಟ್ಟಿಗೆಯ ದನಗಳ ಹಾಗೆ ನಿಂತಿದ್ದವು. “ನೋಡಿ ಸಾರ್, ಇದು ಜಾಗ ಅಲ್ಲ, ಜಿಂಕೆಗಳ ಸಂತೆ! ನೀವು ಕೋವಿ ತರೋದೇ ಬೇಡ, ಕೈಚೀಲ ತಂದ್ರೆ ಸಾಕು,” ಅಂದ. ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಬಿದ್ದ ಫೋಟೋ ಅಂತ ಒಂದು ಭಾರೀ ಕೊಂಬಿನ ಗಂಡು ಜಿಂಕೆಯನ್ನು ತೋರಿಸಿದ. ಮನೆಗೆ ಬಂದು ನಿನಗೆ ಅದನ್ನು ತೋರಿಸಿದೆ. ನೀನು ಕನ್ನಡಕ ಹಾಕಿಕೊಂಡು, ಜಿಂಕೆಯನ್ನು ಬಿಟ್ಟು ಅದರ ಹಿಂದೆ ನೋಡಿದೆ. “ಗ್ಲೆನ್, ಇದು ನಮ್ಮಪ್ಪನ ಹುಲ್ಲಿನ ಕೊಟ್ಟಿಗೆ ಅಲ್ವಾ?” ಅಂದೆ. ಎಲ್ಲ ಕೊಟ್ಟಿಗೆಗಳೂ ಕೆಂಪಗೇ ಇರುತ್ತವೆ ಅಂತ ನಿನ್ನ ಬಾಯಿ ಮುಚ್ಚಿಸಿದೆ. ಅದು ನಿಮ್ಮ ಅಪ್ಪನ ಕೊಟ್ಟಿಗೆಯೇ. ಆ ಜಿಂಕೆ ನಿಂತಿದ್ದದ್ದು ಅವರ ಹೊಲದಲ್ಲೇ. ಡಾಕ್ಟರ್ ಪುಣ್ಯಾತ್ಮ ಬೇಲಿಯ ಮರಕ್ಕೆ ಕ್ಯಾಮೆರಾ ಕಟ್ಟಿ ಆಚೆ ಕಡೆಗೆ ತಿರುಗಿಸಿದ್ದ.

ಜಾಗ ಕೊಂಡಾಗಿತ್ತು, ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಹಳ್ಳದ ದಂಡೆಗೆ ಹೋದೆ. ಜಿಂಕೆಗಳು ನಿಂತಿದ್ದ ಜಾಗದಲ್ಲಿ ಮೂರು ಕಾಲಿನ ಕಬ್ಬಿಣದ ಡಬ್ಬಿ ಊರಿದ್ದ ಗುರುತು, ಅದರ ಸುತ್ತ ಮುಸುಕಿನ ಜೋಳ ಮೊಳೆತು ನಿಂತಿತ್ತು. ಚಳಿಗಾಲವೆಲ್ಲ ಜೋಳ ಸುರಿದು ಜಿಂಕೆ ಸಾಕಿದ್ದರು. ಡಬ್ಬಿ ಹೋಯಿತು, ಜಿಂಕೆಯೂ ಹೋಯಿತು. ಮುಂದಿನ ವಾರ ಮಳೆ ಹೊಡೆದದ್ದೇ ನನ್ನ ಅರ್ಧ ಜಾಗ ನೀರಿನೊಳಗೆ. ಲಾನಿಗೆ ಹೇಳು: ಜಾಗ ನೋಡಲು ಹೋದಾಗ ಜಿಂಕೆಯನ್ನು ನೋಡಬೇಡ. ಎರಡು ಋತುವಿನಲ್ಲಿ ನೆಲ ನೋಡು. ಜಿಂಕೆ ಎಲ್ಲಿ ಉಣ್ಣುತ್ತದೆ ಅಂತ ಯಾರು ಬೇಕಾದರೂ ತೋರಿಸುತ್ತಾರೆ, ಎಲ್ಲಿ ಮಲಗುತ್ತದೆ ಅಂತ ನೀನೇ ಹುಡುಕು. ನನ್ನ ಜಿಂಕೆಗಳು ಮಲಗುತ್ತಿದ್ದದ್ದು ದಿಬ್ಬದ ಮೇಲೆ, ನಿಮ್ಮ ಅಪ್ಪನ ಓಕ್ ಮರಗಳ ನಡುವೆ. ಇದನ್ನೆಲ್ಲ ನಾನು ನಿನಗೂ ಹೇಳಲಿಲ್ಲ. ಜಾಗ ಹೇಗಿದೆ ಅಂತ ನೀನು ಕೇಳಿದಾಗೆಲ್ಲ “ಚಿನ್ನ, ಚಿನ್ನ” ಅನ್ನುತ್ತಿದ್ದೆ.

ಇನ್ನು ಸರ್ವೆ. ಆಗಸ್ಟ್‌ನಲ್ಲಿ ನಿಮ್ಮ ಅಪ್ಪನ ಮನೆಯ ಊಟದಲ್ಲಿ ಅವರೇ ಆ ಮಾತು ತೆಗೆದರು. “ಬೇಲಿ ದನ ತಡಿಯೋಕೆ ಹಾಕಿದ್ದು ಕಣಯ್ಯಾ, ಗಡಿ ತೋರ್ಸೋಕಲ್ಲ. ಒಂದ್ಸಲ ಸರ್ವೆ ಮಾಡ್ಸಿಬಿಡು. ಮಂಡಿ ಆಪರೇಷನ್ ಆಗೋ ಮುಂಚೆ ಬೇಕಾದ್ರೆ ನಾನೇ ಜೊತೆಗೆ ನಡೀತೀನಿ,” ಅಂದರು. ಲಾನಿ ನಗುತ್ತಾ, “ಭಾವಂಗೆ ಸರ್ವೆ ಯಾಕಪ್ಪಾ, ಸೋಫಾ ಎತ್ಕೊಂಡು ಹೋಗಿ ಅಲ್ಲಿಟ್ರೆ ಆಯ್ತು,” ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಈ ಮುದುಕ ನನ್ನ ಜಾಗದಲ್ಲಿ ಒಂದು ತುಂಡು ಕಚ್ಚಲು ನೋಡುತ್ತಿದ್ದಾನೆ ಅನ್ನಿಸಿತು. “ಕೊನೆಗೂ ಒಂದು ಜಾಗ ನಂದು ಅಂತ ಆಗಿದೆ ಓರ್ವಲ್. ಅದಕ್ಕೂ ಕಣ್ಣು ಹಾಕ್ಬೇಡಿ,” ಅಂದುಬಿಟ್ಟೆ. ಅವರ ಉಪ್ಪು ತಿನ್ನುತ್ತಾ, ಅವರ ಮೇಜಿನಲ್ಲೇ. ನೀನು ತಟ್ಟೆ ಕೆಳಗಿಟ್ಟು ಜಗಲಿಗೆ ಎದ್ದುಹೋದೆ. ಅವರು ಮಾತ್ರ ಆಲೂಗಡ್ಡೆಯ ಬಟ್ಟಲು ನನ್ನ ಕಡೆಗೆ ಸರಿಸಿದರು.

ಸೆಪ್ಟೆಂಬರ್‌ನಲ್ಲಿ ಅವರು ಮಂಡಿ ಕೊಯ್ಯಿಸಿಕೊಂಡು ಹಾಸಿಗೆಯಲ್ಲಿದ್ದಾಗ ನಾನು ನೇರಳೆ ಬಣ್ಣದ ಡಬ್ಬಿ ತಂದೆ. ನಮ್ಮ ಮಿಸೌರಿಯಲ್ಲಿ ಮರದ ಮೇಲೆ ನೇರಳೆ ಪಟ್ಟಿ ಎಳೆದರೆ ಮುಗಿಯಿತು, ಬೋರ್ಡೂ ಬೇಡ, ಮಾತೂ ಬೇಡ, ಒಳಗೆ ಕಾಲಿಟ್ಟವನು ಕಳ್ಳ. ಬೇಲಿ ಹಿಡಿದುಕೊಂಡು ದಿಬ್ಬದ ಉದ್ದಕ್ಕೂ ಒಂದೊಂದು ಮರಕ್ಕೂ ಪಟ್ಟಿ ಎಳೆಯುತ್ತಾ ಹೋದೆ, ನಿಮ್ಮ ಅಪ್ಪನ ಮನೆಯ ಕಡೆಗೆ ಕಾಣುವ ಹಾಗೆ. ಅವತ್ತಿನ ಸಂತೋಷ ಹೇಳಿದರೆ ನೀನು ನನ್ನನ್ನು ಮನುಷ್ಯ ಅನ್ನಲಾರೆ. ಸಿಳ್ಳೆ ಹಾಕುತ್ತಿದ್ದೆ ನೋರೀನ್. ನೆರೆಮನೆಯವನ ಬಾಗಿಲು ಅವನ ಮುಖಕ್ಕೆ ಹಾಕುವಾಗ ಯಾರಾದರೂ ಸಿಳ್ಳೆ ಹಾಕುತ್ತಾರೆಯೇ?

ಆಮೇಲೆ ಆ ಶನಿವಾರ. ನೀನು ಅಪ್ಪನ ಅಡುಗೆಮನೆಗೆ ಹೊರಟಿದ್ದೆ. “ತಿನ್ನದಿದ್ರೆ ಬಿಡು, ಬಂದು ಎಲ್ಲಿ ಕೂರ್ತೀಯ ಅಂತಾದ್ರೂ ಹೇಳ್ಬಿಟ್ಟು ಹೋಗು. ಅಷ್ಟಾದ್ರೂ ಮಾಡು,” ಅಂತ ಬಾಗಿಲಲ್ಲಿ ನಿಂತು ಬೇಡಿಕೊಂಡೆ. “ನನ್ನ ಜಾಗದಲ್ಲಿ ನಾನು ಎಲ್ಲಾದ್ರೂ ಕೂರ್ತೀನಿ, ಯಾರಪ್ಪಣೆ ಬೇಕು?” ಅಂದೆ ನಾನು. ಹಿಂದಿನ ದಿನದ ತಣ್ಣನೆಯ ಬಿಸ್ಕೆಟ್ಟನ್ನು ಪಿಕಪ್ಪಿನಲ್ಲೇ ತಿಂದು ಹೋಗಿ ಮರಕ್ಕೆ ಕಟ್ಟಿದ ಅಟ್ಟಣೆ ಹತ್ತಿದೆ. ಬೆಳಕಾಯಿತು. ಒಂದು ಜಿಂಕೆ ಇಲ್ಲ, ಅಳಿಲು ಕೂಡ ಇಲ್ಲ. ಬೇಲಿಯ ಈಚೆ, ನಾನು ಪಟ್ಟಿ ಎಳೆದ ಮರಗಳನ್ನು ದಾಟಿ, ಒಂದು ದೊಡ್ಡ ಓಕ್ ಮರದ ಬುಡದಲ್ಲಿ ಕಿತ್ತಳೆ ಬಣ್ಣದ ಟೋಪಿ, ಜಾಕೀಟು ಕಂಡಿತು. ಮೊದಲ ದಿನ, ನನ್ನ ಸ್ವಂತ ಜಾಗ, ಅದರಲ್ಲಿ ಯಾವನೋ ಒಬ್ಬ ಬಕೆಟ್ ಬೋರಲು ಹಾಕಿಕೊಂಡು ಆರಾಮಾಗಿ ಕೂತಿದ್ದಾನೆ! ಬೇಟೆ ಇಲಾಖೆಯ ನಂಬರಿಗೆ ಫೋನ್ ಮಾಡಿ, ಗುರುತಿಲ್ಲದವನು ನನ್ನ ಜಾಗಕ್ಕೆ ನುಗ್ಗಿದ್ದಾನೆ, ಬಂದು ಹಿಡಿಯಿರಿ ಅಂದೆ.

ಇಲಾಖೆಯಿಂದ ಬಂದದ್ದು ಒಬ್ಬ ಹುಡುಗಿ, ಹಾಲ್ವರ್ಸನ್ ಅಂತ, ನಮ್ಮ ಮಗಳಿದ್ದಿದ್ದರೆ ಅಷ್ಟೇ ವಯಸ್ಸಾಗಿರುತ್ತಿತ್ತು. ನಾನು ಎದೆ ಉಬ್ಬಿಸಿಕೊಂಡು ಮುಂದೆ ನಡೆದೆ. ನಿಮ್ಮ ಅಪ್ಪ ಏಳಲಿಲ್ಲ. “ಕೂತ್ಕೊಂಡೇ ಮಾತಾಡ್ತೀನಮ್ಮಾ, ತಪ್ಪು ತಿಳ್ಕೋಬೇಡ. ಮಂಡಿ ಹೊಸದು, ಇನ್ನೂ ಪಳಗಿಲ್ಲ,” ಅಂದರು. ಅವಳು ಬೇಟೆಯ ಪರವಾನಗಿ ಕೇಳಿದಳು. ಚಳಿಗೆ ಅವರ ಬೆರಳು ಮರಗಟ್ಟಿ ಪರ್ಸು ತೆರೆಯಲು ಆಗಲಿಲ್ಲ. ಎಂಬತ್ತು ದಾಟಿದ ಮನುಷ್ಯ, ಈ ಊರಲ್ಲಿ ಯಾರಿಂದಲೂ ಎರಡು ಮಾತು ಹೇಳಿಸಿಕೊಳ್ಳದವರು, ಕಳ್ಳನ ಹಾಗೆ ಜೇಬು ತಡಕುತ್ತಿದ್ದರು. ಕೊನೆಗೆ ಅವಳೇ ಬಗ್ಗಿ ತೆಗೆದುಕೊಟ್ಟಳು. ನಾನು ಅಲ್ಲೇ ನಿಂತು ನೋಡಿದೆ. ಸಹಾಯಕ್ಕೆ ಕೈ ಚಾಚಲಿಲ್ಲ.

ಅವಳು ಫೋನಿನಲ್ಲಿ ನಕ್ಷೆ ತೆಗೆದು ಅತ್ತ ಇತ್ತ ನಡೆದಾಡಿದಳು. “ಸಾರ್, ಇವರು ಅವರ ಜಾಗದಲ್ಲೇ ಕೂತಿದಾರೆ. ಗಡಿ ಇರೋದು ಕೆಳಗೆ ಆ ಕೊರಕಲಲ್ಲಿ. ಈಗ ಅನುಮತಿ ಇಲ್ಲದೆ ನಿಂತಿರೋರು ನೀವು,” ಅಂದಳು. ಅವರ ಕಡೆ ತಿರುಗಿ, “ದೂರು ಕೊಡ್ತೀರಾ?” ಅಂತ ಕೇಳಿದಳು. “ಯಾರ ಮೇಲಮ್ಮಾ? ಇವನು ನಮ್ಮನೆ ಅಳಿಯ,” ಅಂದರು ನಿಮ್ಮ ಅಪ್ಪ. ನೆಲ ಬಾಯಿಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

ಸರ್ವೆಯವನು ಮೊನ್ನೆ ಬಂದ. ಕೊರಕಲಿನ ಎಲೆರಾಶಿ ಕೆದಕಿ ಗಡಿಯ ಕಬ್ಬಿಣದ ಗೂಟ ತೋರಿಸಿದ. ಹಿಂದೆ ಬೇಲಿ ಅಲ್ಲೇ ಇತ್ತಂತೆ. ಪ್ರತಿ ವಸಂತದಲ್ಲಿ ನೀರು ಬಂದು ಕೊಚ್ಚಿಕೊಂಡು ಹೋಗುತ್ತಿತ್ತು. ಸಾಕಾಗಿ ನಿನ್ನ ಅಜ್ಜ ಮತ್ತು ಪರ್ವಿಸ್ ಇಬ್ಬರೂ ಬಾಯಿಮಾತಿನಲ್ಲಿ ಒಪ್ಪಿಕೊಂಡು ಬೇಲಿಯನ್ನು ದಿಬ್ಬದ ಮೇಲಕ್ಕೆ, ನಿಮ್ಮ ಜಾಗದೊಳಕ್ಕೇ, ಸರಿಸಿದರಂತೆ. ಊರಿನ ಅರ್ಧ ಬೇಲಿಗಳು ಹೀಗೇ ಇವೆ. ಇಲ್ಲಿ ಹುಟ್ಟಿದ ಹಸುಗೂಸಿಗೂ ಗೊತ್ತು ಅಂದ ಅವನು. ನನಗೂ ಗೊತ್ತಿರಬೇಕಿತ್ತು, ನಾನೂ ಇಲ್ಲೇ ಹುಟ್ಟಿದವನು. ಆ ದಿಬ್ಬ, ಆ ಓಕ್, ನಾನು ಆಸೆಪಟ್ಟದ್ದೆಲ್ಲ ನಿಮ್ಮ ಅಪ್ಪನದು. ನನ್ನದು ಕೆಸರು. ಬಣ್ಣವನ್ನು ತಂತಿ ಬ್ರಷ್ಷಿನಿಂದ ಉಜ್ಜಿದೆ, ಓಕ್ ತೊಗಟೆಯೊಳಗೆ ಇಳಿದದ್ದು ಬರಲಿಲ್ಲ. ಕಾಫಿ ಅಂಗಡಿಯಲ್ಲಿ ನನ್ನ ಕುರ್ಚಿಯ ಬೆನ್ನಿಗೆ ಯಾರೋ ನೇರಳೆ ಪಟ್ಟಿ ಎಳೆದಿದ್ದಾರೆ. “ಕೂತ್ಕೊ ಗ್ಲೆನ್, ನಾನು ಅನುಮತಿ ಕೊಟ್ಟಿದೀನಿ,” ಅಂದಳು ಕಾಫಿ ಸುರಿಯುತ್ತಾ ಡಾಟಿ. ಇಡೀ ಅಂಗಡಿ ನಕ್ಕಿತು. ಕೂತು ಕಾಫಿ ಕುಡಿದೆ. ಮಾಡಿದ್ದುಣ್ಣೋ ಮಹಾರಾಯ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಇಲ್ಲ, ನನಗೆ ಗೊತ್ತಿರಲಿಲ್ಲ. ಅಪ್ಪ ಹೇಳಿದ್ದೇ ನಿಜ, ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದ, ಕಿತ್ತಳೆ ಬಣ್ಣ ಬಿಟ್ಟರೆ ನನಗೆ ಏನೂ ಕಾಣಲಿಲ್ಲ. ಗೊತ್ತಿದ್ದರೆ ಫೋನ್ ಮಾಡುತ್ತಿದ್ದೆನೇ? ಜಾಗವನ್ನು ಮಾರುತ್ತೇನೆ, ನಿನ್ನ ಅಪ್ಪನ ಕಾಲು ಹಿಡಿಯುತ್ತೇನೆ, ಬದುಕಿರುವವರೆಗೂ ಕೋಳಿ ಶೆಡ್ ಹಿಂದೆ ಕೂರುತ್ತೇನೆ. ನೀನು ಮನೆಗೆ ಬಾ. ನೀನಿಲ್ಲದೆ ಈ ಮನೆಯಲ್ಲಿ ರೇಡಿಯೋ ಹಾಕುವುದಕ್ಕೂ ಮನಸ್ಸಿಲ್ಲ.

ಎಂದೆಂದಿಗೂ ನಿನ್ನವನೇ ಆದ,
ಗ್ಲೆನ್

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿ, ಅಂಟಿಸಿ, ರಸ್ತೆಬದಿಯ ಅಂಚೆ ಪೆಟ್ಟಿಗೆಯಲ್ಲಿಟ್ಟು, ಅಂಚೆಯವನಿಗೆ ಕಾಣಲಿ ಅಂತ ಅದರ ಕೆಂಪು ಬಾವುಟವನ್ನೂ ಎತ್ತಿ ಬಂದಿದ್ದೆ. ಅಂಚೆಯವನು ಬರುವ ಮುಂಚೆ ಹೋಗಿ ವಾಪಸು ತಂದೆ. ಮೇಲಿನ ಉತ್ತರ ಸುಳ್ಳು. ಹರಿದುಹಾಕಿ ಬೇರೆ ಬರೆಯಬಹುದಿತ್ತು. ಆದರೆ ಎಷ್ಟು ಸಲೀಸಾಗಿ ನಿನಗೆ ಸುಳ್ಳು ಬರೆಯಬಲ್ಲೆ ಅನ್ನುವುದನ್ನೂ ನೀನು ನೋಡಬೇಕು ಅಂತ ಹಾಗೇ ಬಿಟ್ಟಿದ್ದೇನೆ.

ನಮ್ಮ ಜಾಗ ನಿಮ್ಮ ಅಪ್ಪನ ಜಾಗದ ಪೂರ್ವಕ್ಕಿದೆ. ನೀನು ಆ ನೆಲದಲ್ಲಿ ಹುಟ್ಟಿ ಬೆಳೆದವಳು, ಬೆಳಗಿನ ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆ ಅಂತ ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಬಹುಶಃ ಅದಕ್ಕೇ, ಅಪ್ಪನ ಮಾತು ನಂಬದೆ, ಲಾನಿಯನ್ನು ಕಳಿಸಿದ್ದೀಯ. ಸೂರ್ಯ ಇದ್ದದ್ದು ನನ್ನ ಬೆನ್ನಿಗೆ. ಬೆಳಕು ಪೂರ್ತಿ ಅವರ ಮುಖದ ಮೇಲೆ ಬಿದ್ದಿತ್ತು.

ಯಾರು ಅಂತ ನೋಡಲು ನಾನು ಕೋವಿ ಎತ್ತಿದೆ. ಕುತ್ತಿಗೆಯಲ್ಲಿ ಬೈನಾಕ್ಯುಲರ್ ಇತ್ತು, ಅದನ್ನು ಮುಟ್ಟಲಿಲ್ಲ. ಗುಂಡು ತುಂಬಿದ ಕೋವಿಯ ದುರ್ಬೀನಿನಲ್ಲಿ ಅವರನ್ನು ನೋಡಿದೆ. ಕೊಲ್ಲಬೇಕು ಅಂತಿಲ್ಲದ ಯಾವುದರ ಕಡೆಗೂ ಕೋವಿ ತಿರುಗಿಸಬಾರದು ಅಂತ ನನ್ನ ಕೈಹಿಡಿದು ಹೇಳಿಕೊಟ್ಟವರು ಅವರೇ. ಗಾಜಿನೊಳಗೆ ಗೆರೆಗಳೆರಡು ಕೂಡುವ ಕಡೆ ಅವರ ಮುಖ, ಗಡ್ಡದ ಬಿಳಿ ಕೂದಲು, ಎಲ್ಲ ಕಂಡಿತು. ಅವರೂ ನನ್ನನ್ನು ಕಂಡರು. ಕೈ ಬೀಸಲಿಲ್ಲ, ಕೂಗಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ನಾನು ಸರಿಯಾಗಿ ಗುರುತು ಹಿಡಿಯಲಿ ಅನ್ನುವ ಹಾಗೆ ನೆಟ್ಟಗೆ ನನ್ನ ಕಡೆಗೇ ನೋಡುತ್ತಾ ಕೂತರು. ಗುರುತು ಸಿಕ್ಕ ಮೇಲೂ ನಾನು ಕೋವಿ ಇಳಿಸಲಿಲ್ಲ ನೋರೀನ್. ಒಂದು ಗಳಿಗೆ ಹಾಗೇ ಹಿಡಿದಿದ್ದೆ. ಹೆದರಲಿ ಅಂತ. ಕೋವಿಯ ಸೇಫ್ಟಿ ಕೀಲಿ ಹಾಕಿತ್ತು ಅಂತ ಈಗ ಹೇಳಬಲ್ಲೆ. ಆಗ ನಾನು ನೋಡಿರಲಿಲ್ಲ. ಆಮೇಲೆ ಇಳಿಸಿ, ಗುರುತಿಲ್ಲದವನು ಅಂತ ಫೋನ್ ಮಾಡಿದೆ.

ಲಾನಿ ಬಟ್ಟೆಗೆ ಬರಲಿ, ಬಾಗಿಲು ತೆಗೆದೇ ಇರುತ್ತದೆ. ನಿನ್ನ ದಪ್ಪ ಕೋಟು ಮೊದಲು ತುಂಬಿಡುತ್ತೇನೆ, ಚಳಿ ಜೋರಾಗಿದೆ.

ಇದನ್ನು ಅಪ್ಪನ ಹತ್ತಿರ ಕೇಳಲು ಹೋಗಬೇಡ. ಅವರು ಮತ್ತೆ ತಪ್ಪನ್ನು ಸೂರ್ಯನ ಮೇಲೇ ಹಾಕುತ್ತಾರೆ.